ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಹರ್ಬೇರಿಯಂ ಹಾಳೆಯ ಒಳಹೊರಗು

ರಾಷ್ಟ್ರೀಯ ಸಂಗ್ರಹಾಲಯಗಳಲ್ಲಿರುವ ಹರ್ಬೇರಿಯಂಗಳ ಬಗ್ಗೆ, ಅಂದರೆ ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿಟ್ಟ ಗಿಡಗಳ ಸಂಗ್ರಹದ ಬಗ್ಗೆ, ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಗಿಡಗಳನ್ನು ದಿನಪತ್ರಿಕೆಯ ನಡುವೆ ಇಟ್ಟು ಮೇಲೆ ಸಾಕಷ್ಟು ಭಾರ ಹೇರುತ್ತೇನೆ. ಆದರೂ ನಾಲ್ಕೈದು ದಿನಕ್ಕೆ ಎಲೆ ಕಪ್ಪಾಗುತ್ತದೆ, ಕೆಲವಕ್ಕೆ ಬೂಷ್ಟು ಹಿಡಿಯುತ್ತದೆ, ಹೂವಿನ ದಳ ಕಾಗದಕ್ಕೆ ಅಂಟಿಕೊಂಡು ಹರಿಯುತ್ತದೆ. ತಪ್ಪು ಎಲ್ಲಿ ಆಗುತ್ತಿದೆ?

ಉತ್ತರ: ಭಾರ ಗಿಡವನ್ನು ಚಪ್ಪಟೆ ಮಾಡುತ್ತದೆ, ಒಣಗಿಸುವುದಿಲ್ಲ. ಒಣಗಬೇಕಾದರೆ ಗಿಡದಿಂದ ಹೊರಬಂದ ನೀರು ಕಟ್ಟಿನಿಂದಲೇ ಆಚೆ ಹೋಗಬೇಕು. ಒತ್ತಿಟ್ಟ ಎಲೆಯಲ್ಲಿ ನೀರಿರುವಷ್ಟು ಹೊತ್ತು ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ. ಎಲೆ ಕಪ್ಪಾಗುವುದು ಅದರಿಂದ. ಬೂಷ್ಟಿಗೂ ಬೇಕಾದದ್ದು ಅದೇ ತೇವ. ಹಾಗಾಗಿ ನಿಮ್ಮ ಮೂರು ತೊಂದರೆಗಳಲ್ಲಿ ಎರಡಕ್ಕೆ ಕಾರಣ ಒಂದೇ: ಒಣಗುವುದು ನಿಧಾನವಾಗಿದೆ.

ಕಟ್ಟನ್ನು ಹೀಗೆ ಜೋಡಿಸಿ. ಕೆಳಗೆ ಸುಮಾರು 30 x 45 ಸೆಂಟಿಮೀಟರಿನ ಮರದ ಜಾಲರಿ. ಅದರ ಮೇಲೆ ಒಳಗೆ ಸುರುಳಿಗೆರೆ ಇರುವ ರಟ್ಟು, ಬ್ಲಾಟಿಂಗ್ ಪೇಪರ್, ಮಡಿಚಿದ ದಿನಪತ್ರಿಕೆಯೊಳಗೆ ಗಿಡ, ಮತ್ತೆ ಬ್ಲಾಟಿಂಗ್ ಪೇಪರ್, ಮತ್ತೆ ರಟ್ಟು. ಇದೇ ಸಾಲು ಮೇಲಕ್ಕೆ ಹೋಗುತ್ತದೆ, ಕೊನೆಗೆ ಇನ್ನೊಂದು ಜಾಲರಿ, ಎರಡು ಪಟ್ಟಿಗಳಿಂದ ಬಿಗಿ. ರಟ್ಟಿನೊಳಗಿನ ಕೊಳವೆಗಳು ಎಲ್ಲ ಪದರದಲ್ಲೂ ಒಂದೇ ದಿಕ್ಕಿಗಿರಲಿ, ಗಾಳಿ ಹಾದುಹೋಗುವ ದಾರಿ ಅವೇ. ಮೊದಲ ಬ್ಲಾಟಿಂಗ್ ಪೇಪರನ್ನು 12ರಿಂದ 24 ಗಂಟೆಯೊಳಗೆ ಬದಲಿಸಲೇಬೇಕು, ಆಮೇಲೆ ದಿನಕ್ಕೊಮ್ಮೆಯಾದರೂ. ಬದಲಿಸುವುದು ಬ್ಲಾಟಿಂಗ್ ಪೇಪರನ್ನು ಮಾತ್ರ. ಗಿಡವಿರುವ ದಿನಪತ್ರಿಕೆಯ ಮಡಿಕೆಯನ್ನು ಹಾಗೇ ಎತ್ತಿ ಹೊಸ ಪೇಪರಿನ ನಡುವೆ ಇಡಿ, ತೆರೆಯಬೇಡಿ. ದಳ ಹರಿಯುವುದು ಅರ್ಧ ಒಣಗಿದ ಹೂವನ್ನು ಕಾಗದದಿಂದ ಬಿಡಿಸಲು ಹೋದಾಗ. ತೆಳು ದಳಗಳಿದ್ದರೆ ಮೊದಲೇ ಮೇಲೊಂದು ಕೆಳಗೊಂದು ಟಿಶ್ಯೂ ಕಾಗದ ಇಟ್ಟುಬಿಡಿ.

ಮಡಿಕೆ ತೆರೆಯಬಾರದು ಎಂಬುದಕ್ಕೆ ಒಂದೇ ಅಪವಾದ ಮೊದಲ ಸಲದ ಬದಲಾವಣೆ. ಆಗ ಎಲೆ ಬಾಡಿ ಮೆತ್ತಗಾಗಿರುತ್ತದೆ, ಹೇಳಿದಂತೆ ಕೇಳುತ್ತದೆ. ಮಡಿಚಿಕೊಂಡ ಅಂಚುಗಳನ್ನು ಬಿಡಿಸಿ, ಒಂದೆರಡು ಎಲೆಗಳನ್ನು ಬೆನ್ನು ಮೇಲಾಗಿ ತಿರುಗಿಸಿ. ಎಲೆಯ ಬೆನ್ನಿನ ರೋಮ, ಗ್ರಂಥಿ, ನರಗಳನ್ನು ನೋಡದೆ ಎಷ್ಟೋ ಪ್ರಭೇದಗಳನ್ನು ಗುರುತಿಸಲಾಗದು. ಒಣಗಿದ ಮೇಲೆ ತಿರುಗಿಸಲು ಹೋದರೆ ಮುರಿಯುತ್ತದೆ. ದಪ್ಪ ಕಾಂಡವಿದ್ದರೆ ಅದರ ಎರಡೂ ಬದಿಗೆ ಮಡಿಚಿದ ಕಾಗದ ಅಥವಾ ತೆಳು ಫೋಮ್ ಇಟ್ಟು ಎತ್ತರ ಸಮ ಮಾಡಿ. ಇಲ್ಲವಾದರೆ ಒತ್ತಡವೆಲ್ಲ ಕಾಂಡದ ಮೇಲೆ ಬಿದ್ದು ಪಕ್ಕದ ಎಲೆಗಳು ಸುಕ್ಕುಗಟ್ಟುತ್ತವೆ. ಗಿಡ ಒಣಗಿದಂತೆ ಕಟ್ಟು ಸಡಿಲವಾಗುತ್ತದೆ, ಪಟ್ಟಿಯನ್ನು ಆಗಾಗ ಬಿಗಿಯುತ್ತಿರಿ.

ಬಿಸಿಗಾಳಿ ಬಳಸುವುದಾದರೆ 40ರಿಂದ 45 ಡಿಗ್ರಿ ಸೆಲ್ಸಿಯಸ್ ಸಾಕು. ತೆಳು ಎಲೆಯ ಗಿಡ ಒಂದೆರಡು ದಿನಕ್ಕೆ ಒಣಗುತ್ತದೆ. 60 ದಾಟಿದರೆ ಗಿಡ ಕಂದಾಗಿ ಪುಡಿಪುಡಿಯಾಗುತ್ತದೆ, ಒಳಗಿನ ಡಿಎನ್‌ಎಯೂ ಕೆಡುತ್ತದೆ. ಶಾಖಕ್ಕಿಂತ ಗಾಳಿಯ ಓಟ ಮುಖ್ಯ. ಗಾಳಿಯಿಲ್ಲದೆ ಶಾಖ ಮಾತ್ರ ಕೊಟ್ಟರೆ ಗಿಡ ತನ್ನದೇ ಹಬೆಯಲ್ಲಿ ಬೇಯುತ್ತದೆ. ಒಣಗಿತೇ ಎಂದು ತಿಳಿಯಲು ಎಲೆಯನ್ನು ಕೆನ್ನೆಗೆ ತಾಗಿಸಿ: ತಣ್ಣಗೆ ಅನಿಸಿದರೆ ಒಳಗಿನ್ನೂ ನೀರಿದೆ. ಬುಡ ಹಿಡಿದು ಎತ್ತಿದಾಗ ತುದಿ ಜೋಲದಿದ್ದರೆ ಒಣಗಿದೆ. ಈ ಕೆನ್ನೆಯ ಪರೀಕ್ಷೆ ನೀವೇ ಕಿತ್ತು ತಂದ ಗಿಡಕ್ಕೆ ಮಾತ್ರ. ಹಳೆಯ ಸಂಗ್ರಹದ ಹಾಳೆಗೆ ಯಾಕೆ ಕೂಡದು ಎಂಬುದು ಮುಂದೆ ಬರುತ್ತದೆ.

ಒಣಗುವಾಗ ಎಲೆಗಳೆಲ್ಲ ಉದುರಿಹೋಗುತ್ತವೆ ಎಂದು ಇನ್ನಿಬ್ಬರು ಬರೆದಿದ್ದಾರೆ. ಕೆಲವು ಗಿಡಗಳು ಪ್ರೆಸ್ಸಿನೊಳಗೂ ಹಲವು ದಿನ ಬದುಕಿರುತ್ತವೆ, ಎಲೆತೊಟ್ಟಿನ ಬುಡದಲ್ಲಿ ಉದುರುವ ಪದರವನ್ನು ಕಟ್ಟಿಕೊಳ್ಳುತ್ತವೆ. ಅಂಥವನ್ನು ಒತ್ತುವ ಮುಂಚೆ ಕೆಲವು ಸೆಕೆಂಡು ಕುದಿಯುವ ನೀರಿನಲ್ಲೋ ಆಲ್ಕೋಹಾಲಿನಲ್ಲೋ ಅದ್ದಿ ಜೀವಕೋಶಗಳನ್ನು ಸಾಯಿಸಿಬಿಡಬೇಕು.

ಪ್ರಶ್ನೆ: ಪಾಪಾಸುಕಳ್ಳಿ, ಹಾವಸೆ, ಕಡಲಪಾಚಿ, ತಾಳೆ ಇವನ್ನೆಲ್ಲ ಹಾಳೆಗೆ ಹೇಗೆ ತರುತ್ತಾರೆ?

ಉತ್ತರ: ಎಲ್ಲವನ್ನೂ ಹಾಳೆಗೆ ತರುವುದಿಲ್ಲ. ಕಳ್ಳಿಯನ್ನು ಉದ್ದಕ್ಕೆ ಸೀಳಿ ಒಳತಿರುಳನ್ನು ಕೆರೆದು ತೆಗೆದು, ಮುಳ್ಳಿನ ಸಾಲು ಕಾಣುವಂತೆ ಸಿಪ್ಪೆಯನ್ನು ಒತ್ತುತ್ತಾರೆ. ಅಡ್ಡಕ್ಕೆ ಕತ್ತರಿಸಿದ ಒಂದು ಬಿಲ್ಲೆಯೂ ಜೊತೆಗಿದ್ದರೆ ಏಣುಗಳ ಸಂಖ್ಯೆ ತಿಳಿಯುತ್ತದೆ. ಹಾವಸೆಗಳನ್ನು ಬಲವಾಗಿ ಒತ್ತಬಾರದು. ನೆರಳಿನಲ್ಲಿ ಗಾಳಿಗೆ ಒಣಗಿಸಿ ಮಡಿಚಿದ ಕಾಗದದ ಪೊಟ್ಟಣದಲ್ಲಿಟ್ಟರೆ ಸಾಕು. ಎಷ್ಟೋ ವರ್ಷದ ಮೇಲೂ ಹನಿ ನೀರು ಬಿಟ್ಟರೆ ಎಲೆ ಬಿಚ್ಚಿಕೊಂಡು ಸೂಕ್ಷ್ಮದರ್ಶಕಕ್ಕೆ ಸಿದ್ಧವಾಗುತ್ತದೆ. ಕಲ್ಲುಹೂವನ್ನು ಅದು ಕೂತ ತೊಗಟೆ ಅಥವಾ ಕಲ್ಲಿನ ಚೂರಿನ ಸಮೇತ ತರಬೇಕು.

ಕಡಲಪಾಚಿಯದು ಬಲು ಚಂದದ ಕೆಲಸ. ಅಗಲವಾದ ತಟ್ಟೆಯ ನೀರಿನಲ್ಲಿ ಪಾಚಿಯನ್ನು ತೇಲಿಬಿಟ್ಟು, ಕೆಳಗೆ ದಪ್ಪ ಕಾಗದ ತೂರಿಸಿ, ಕುಂಚದಿಂದ ಕವಲುಗಳನ್ನು ಬಿಡಿಸುತ್ತ ಒಂದು ಅಂಚಿನಿಂದ ಮೆಲ್ಲಗೆ ಎತ್ತಬೇಕು. ನೀರು ಇಳಿದುಹೋಗುತ್ತದೆ, ಪಾಚಿ ಹರಡಿದಂತೆಯೇ ಕಾಗದದ ಮೇಲೆ ಕೂರುತ್ತದೆ. ಮೇಲೆ ತೆಳುಬಟ್ಟೆ ಹಾಕಿ ಒತ್ತಿದರೆ ಹೆಚ್ಚಿನವು ತಮ್ಮದೇ ಲೋಳೆಯಿಂದ ಕಾಗದಕ್ಕೆ ಅಂಟುತ್ತವೆ, ಬಟ್ಟೆಗೆ ಅಂಟುವುದಿಲ್ಲ.

ತಾಳೆಯ ಗರಿ ಹಾಳೆಗಿಂತ ಎಷ್ಟೋ ಪಟ್ಟು ದೊಡ್ಡದು. ಬುಡ, ನಡು, ತುದಿ ಈ ಮೂರು ತುಂಡುಗಳನ್ನಿಟ್ಟು ಪೂರ್ಣ ಗರಿಯ ಉದ್ದ, ಒಂದು ಬದಿಯ ಎಲೆಗಳ ಸಂಖ್ಯೆ, ತೊಟ್ಟಿನ ಉದ್ದವನ್ನು ಬರೆದಿಡುತ್ತಾರೆ. ಹಾಳೆಗಳ ಮೇಲೆ ‘ಮೂರರಲ್ಲಿ ಒಂದನೆಯದು’ ಎಂದು ಗುರುತು ಹಾಕದಿದ್ದರೆ ಮುಂದೆ ಅವು ಬೇರೆ ಬೇರೆ ಗಿಡವೆಂದೇ ಲೆಕ್ಕವಾಗುತ್ತವೆ. ದೊಡ್ಡ ಕಾಯಿಗಳು ಪೆಟ್ಟಿಗೆಗೆ. ಸೀತಾಳೆಯಂಥ ತಿರುಳುಳ್ಳ ಹೂಗಳು ಬಾಟಲಿಗೆ: 70 ಭಾಗ ಆಲ್ಕೋಹಾಲ್, ಉಳಿದದ್ದು ನೀರು, ಬಾಡಿ ಗಟ್ಟಿಯಾಗದಂತೆ ಒಂದೆರಡು ಭಾಗ ಗ್ಲಿಸರಿನ್. ಬಾಟಲಿಯ ಒಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಇರಲಿ. ಹೊರಗಿನ ಚೀಟಿ ಉದುರುತ್ತದೆ, ಶಾಯಿಯದು ಆಲ್ಕೋಹಾಲಿನಲ್ಲಿ ಕರಗುತ್ತದೆ.

ಪ್ರಶ್ನೆ: ಒಳ್ಳೆಯ ಮಾದರಿ ಎಂದರೆ ಏನು? ಚೀಟಿಯಲ್ಲಿ ಏನೇನು ಬರೆಯಬೇಕು?

ಉತ್ತರ: ಹೂವೋ ಕಾಯಿಯೋ, ಸಾಧ್ಯವಿದ್ದರೆ ಎರಡೂ ಇರಬೇಕು. ಸಣ್ಣ ಗಿಡವಾದರೆ ಬೇರಿನ ಸಮೇತ, ಮಣ್ಣು ತೊಳೆದು. ಉದ್ದವಿದ್ದರೆ ವಿ ಅಥವಾ ಎನ್ ಆಕಾರಕ್ಕೆ ಬಾಗಿಸಿ, ತುಂಡರಿಸಬೇಡಿ. ಜರೀಗಿಡವಾದರೆ ಬೀಜಕಗಳಿರುವ ಬೆನ್ನು ಕಾಣಲಿ, ಬುಡದ ಹುರುಪೆಗಳೂ ಇರಲಿ. ಕೀಳುವ ಮುಂಚೆ ಸುತ್ತ ಎಷ್ಟು ಗಿಡಗಳಿವೆ ನೋಡಿ. ಇಪ್ಪತ್ತಕ್ಕೆ ಒಂದಕ್ಕಿಂತ ಹೆಚ್ಚು ಕೀಳಬಾರದು ಎಂಬುದು ಸಂಗ್ರಹಕಾರರು ಪಾಲಿಸುವ ಕಟ್ಟುಪಾಡು, ಅದಕ್ಕಿಂತ ವಿರಳವಾಗಿದ್ದರೆ ಫೋಟೊ ತೆಗೆದು ಬಿಟ್ಟುಬನ್ನಿ. ಕೀಳಲು ಅನುಮತಿ ಬೇಕಾದ ಜಾಗವಾದರೆ ಅನುಮತಿಪತ್ರದ ಸಂಖ್ಯೆಯೂ ದಾಖಲೆಯಲ್ಲಿರಬೇಕು. ಇಲ್ಲವಾದರೆ ಯಾವ ರಾಷ್ಟ್ರೀಯ ಸಂಗ್ರಹಾಲಯವೂ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಚೀಟಿಯಿಲ್ಲದ ಮಾದರಿ ವಿಜ್ಞಾನದ ಮಟ್ಟಿಗೆ ಒಣಹುಲ್ಲು. ಗಿಡದ ಹೆಸರು ತಪ್ಪಾಗಿದ್ದರೂ ಚಿಂತೆಯಿಲ್ಲ, ಬಲ್ಲವರು ಮುಂದೊಂದು ದಿನ ಸರಿಪಡಿಸುತ್ತಾರೆ. ಎಲ್ಲಿ, ಯಾವಾಗ ಎಂಬುದು ತಪ್ಪಿದರೆ ಯಾರಿಂದಲೂ ಸರಿಪಡಿಸಲಾಗದು. ಅದಕ್ಕೇ ಹೆಸರಿಗಿಂತ ಸ್ಥಳಕ್ಕೆ ಹೆಚ್ಚು ಬೆವರು ಸುರಿಸಿ. ದೇಶದಿಂದ ಶುರುಮಾಡಿ ಹಳ್ಳದ ದಂಡೆಯವರೆಗೆ ಬರೆಯಿರಿ. ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ನಾಲ್ಕು ಸ್ಥಾನದವರೆಗೆ ಕೊಟ್ಟರೆ ಸುಮಾರು 11 ಮೀಟರಿನಷ್ಟು ನಿಖರವಾಗುತ್ತದೆ. ಸಮುದ್ರಮಟ್ಟದಿಂದ ಎತ್ತರ ಬರೆಯಿರಿ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕು. 3-4 ಎಂದರೆ ಒಬ್ಬರಿಗೆ ಏಪ್ರಿಲ್, ಇನ್ನೊಬ್ಬರಿಗೆ ಮಾರ್ಚ್.

ಆಮೇಲೆ ಒತ್ತಿದಾಗ ಕಳೆದುಹೋಗುವ ಸಂಗತಿಗಳು: ಮರದ ಎತ್ತರ, ತೊಗಟೆಯ ಬಣ್ಣ, ಗೀರಿದರೆ ಹಾಲು ಬರುತ್ತದೆಯೇ, ಹೂವಿನ ಬಣ್ಣ ಮತ್ತು ವಾಸನೆ, ಅಕ್ಕಪಕ್ಕದ ಗಿಡಗಳು, ಮಣ್ಣು, ನೆರಳು. ಇವನ್ನು ಗಿಡದ ಎದುರಿಗೆ ನಿಂತೇ ಬರೆದುಕೊಳ್ಳಿ. ಸಂಜೆ ನೆನಪಿನಿಂದ ಬರೆದ ಹೂಬಣ್ಣವನ್ನು ನಂಬಲಾಗದು.

ಸಂಗ್ರಹ ಸಂಖ್ಯೆ ಒಂದರಿಂದ ಶುರುವಾಗಿ ಬದುಕಿಡೀ ಮುಂದುವರಿಯಲಿ. ಪ್ರತಿವರ್ಷ ಮತ್ತೆ ಒಂದರಿಂದ ಶುರುಮಾಡಿದರೆ ಒಬ್ಬರದೇ ‘14’ ಎಂಬ ಗಿಡಗಳು ಐದಾರು ಆಗಿ ಮುಂದಿನವರು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಒಂದೇ ಗಿಡದಿಂದ, ಅದೇ ಹೊತ್ತಿಗೆ ತೆಗೆದ ಪ್ರತಿಗಳಿಗೆ ಮಾತ್ರ ಒಂದೇ ಸಂಖ್ಯೆ. ಡಿಎನ್‌ಎಗಾಗಿ ಎಲೆ ತೆಗೆದಿಡುವುದಾದರೆ ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ಹಾಕಿದ ಪೊಟ್ಟಣದಲ್ಲಿ, ಅದೇ ಸಂಖ್ಯೆ ಬರೆದು ಇಡಿ.

ಪ್ರಶ್ನೆ: ಸಂಗ್ರಹಾಲಯದಲ್ಲಿ ಹಾಳೆಗಳನ್ನು ಫ್ರೀಜರಿನಲ್ಲಿ ಇಡುತ್ತಾರಂತೆ, ನಿಜವೇ? ಔಷಧ ಹೊಡೆದರೆ ಆಗದೇ?

ಉತ್ತರ: ನಿಜ. ಹೊಸದಾಗಿ ಬಂದ, ಎರವಲು ಹೋಗಿ ಮರಳಿದ ಪ್ರತಿಯೊಂದು ಕಟ್ಟೂ ಮೊದಲು ಫ್ರೀಜರಿಗೆ, ಆಮೇಲೆ ಕಪಾಟಿಗೆ. ಮುಖ್ಯ ಶತ್ರು ಸಿಗರೇಟ್ ಜೀರುಂಡೆ ಎಂದು ಕರೆಯುವ ಎರಡು ಮೂರು ಮಿಲಿಮೀಟರಿನ ಕಂದು ಹುಳು. ಅದರ ಮರಿ ಸೂರ್ಯಕಾಂತಿಯ ಕುಟುಂಬದ ಹೂಚೆಂಡುಗಳನ್ನು ಒಳಗಿಂದಲೇ ತಿಂದು ಖಾಲಿ ಮಾಡುತ್ತದೆ. ಹಾಳೆಯ ಮೇಲೆ ದುಂಡನೆಯ ಸಣ್ಣ ತೂತು, ಕೆಳಗೆ ನಯವಾದ ಪುಡಿ ಕಂಡರೆ ಆ ಇಡೀ ಕಪಾಟನ್ನು ಪರೀಕ್ಷಿಸಬೇಕು.

ಕಟ್ಟನ್ನು ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ -30 ಡಿಗ್ರಿಯಲ್ಲಿ ಮೂರು ದಿನ, ಅಥವಾ -18 ಡಿಗ್ರಿಯಲ್ಲಿ ಎರಡು ವಾರ ಇಡುತ್ತಾರೆ. ಇಲ್ಲಿ ಎರಡು ಕಡೆ ಎಡವುವುದುಂಟು. ಒಂದು, ಕಟ್ಟು ದಪ್ಪವಿದ್ದರೆ ನಡುವಿನ ಹಾಳೆಗಳಿಗೆ ಚಳಿ ತಲುಪಲು ಒಂದೆರಡು ದಿನವೇ ಬೇಕು. ಒಣಗಿಡ ಮತ್ತು ಕಾಗದ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಹಾಗಾಗಿ ಲೆಕ್ಕ ಶುರುವಾಗಬೇಕಾದ್ದು ನಡುವಿನ ಹಾಳೆ ತಣ್ಣಗಾದ ಮೇಲೆ. ಇನ್ನೊಂದು, ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚುವುದು. ಹಾಗೆ ಬಿಚ್ಚಿದರೆ ಕೋಣೆಯ ಗಾಳಿಯ ತೇವವೆಲ್ಲ ತಣ್ಣನೆಯ ಹಾಳೆಯ ಮೇಲೆ ಹನಿಗಟ್ಟುತ್ತದೆ. 24 ಗಂಟೆ ಮುಚ್ಚಿದಂತೆಯೇ ಬಿಟ್ಟರೆ ಆ ಹನಿ ಚೀಲದ ಹೊರಮೈ ಮೇಲೆ ಕೂತು ಆರಿಹೋಗುತ್ತದೆ.

ಔಷಧದ ಕಾಲವೂ ಇತ್ತು, ಅದರ ಬೆಲೆಯನ್ನು ಇಂದಿಗೂ ತೆರುತ್ತಿದ್ದೇವೆ. ಮರ್ಕ್ಯುರಿಕ್ ಕ್ಲೋರೈಡನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಗಿಡಗಳಿಗೆ ಬಳಿಯುವುದು, ಅದರಲ್ಲೇ ಅದ್ದುವುದು ಬಹುಕಾಲ ಎಲ್ಲ ಕಡೆಯ ಪದ್ಧತಿಯಾಗಿತ್ತು. ಆ ಪಾದರಸ ಇನ್ನೂ ಹಾಳೆಗಳಲ್ಲೇ ಇದೆ. ಮುಚ್ಚಿದ ಕಪಾಟಿನೊಳಗೆ ಆವಿಯಾಗಿಯೂ ಸೇರುತ್ತದೆ. ಕೆಲವು ಹಾಳೆಗಳಲ್ಲಿ ಗಿಡದ ಸುತ್ತ ಕಪ್ಪು ನೆರಳಿನಂಥ ಕಲೆ ಕಾಣುತ್ತದೆ, ಕೆಲವದರ ಮೇಲೆ ‘ವಿಷ’ ಎಂಬ ಮುದ್ರೆಯಿದೆ, ಎಷ್ಟೋ ಹಾಳೆಗಳಲ್ಲಿ ಎರಡೂ ಇಲ್ಲ. ಆದ್ದರಿಂದ ಹಳೆಯ ಹಾಳೆ ಮುಟ್ಟುವಾಗ ನೈಟ್ರೈಲ್ ಕೈಗವಸು, ಗಾಳಿಯಾಡುವ ಕೋಣೆ, ಕೆಲಸ ಮುಗಿದ ಮೇಲೆ ಸೋಪಿನ ಕೈತೊಳೆತ. ಮುಖದ ಹತ್ತಿರ ತರುವುದು, ಮೂಸುವುದು ಬೇಡ. ನುಸಿಗುಳಿಗೆಯನ್ನು ನೆಚ್ಚಬೇಡಿ. ಅದು ಹುಳುವನ್ನು ದೂರವಿಡಬಹುದೇ ಹೊರತು ಮೊಟ್ಟೆಗಳನ್ನು ಕೊಲ್ಲುವುದಿಲ್ಲ, ಜೊತೆಗೆ ಅಲ್ಲಿ ಕೆಲಸ ಮಾಡುವವರ ಆರೋಗ್ಯ ಕೆಡಿಸುತ್ತದೆ.

ಇವೆಲ್ಲಕ್ಕಿಂತ ದೊಡ್ಡ ರಕ್ಷಣೆ ಕೋಣೆಯದೇ. 20 ಡಿಗ್ರಿಯ ಆಸುಪಾಸು, ಗಾಳಿಯ ತೇವ ಶೇಕಡ 50ರ ಆಸುಪಾಸು ಇದ್ದರೆ ಹುಳು ನಿಧಾನವಾಗುತ್ತದೆ. ತೇವ 65 ದಾಟಿತೋ, ಬೂಷ್ಟು ಬಂತೆಂದೇ ತಿಳಿಯಿರಿ.

ಪ್ರಶ್ನೆ: ಕೆಲವು ಹಾಳೆಗಳು ಕೆಂಪು ಅಂಚಿನ ಮಡಿಕೆಯಲ್ಲಿ, ಬೇರೆಯೇ ಕಪಾಟಿನಲ್ಲಿ ಇರುತ್ತವೆ. ಅವುಗಳ ವಿಶೇಷವೇನು? ಸುಟ್ಟುಹೋದರೆ?

ಉತ್ತರ: ಅವು ಟೈಪ್ ಮಾದರಿಗಳು. ಒಂದು ಪ್ರಭೇದಕ್ಕೆ ಹೆಸರಿಡುವಾಗ ‘ಈ ಹೆಸರು ಈ ಗಿಡಕ್ಕೆ ಸೇರಿದ್ದು’ ಎಂದು ಗೊತ್ತುಪಡಿಸಿದ ಹಾಳೆ. ಹೆಸರು ಕಟ್ಟಿಹಾಕಿಕೊಂಡಿರುವುದು ಆ ಹಾಳೆಗೇ, ಪುಸ್ತಕದ ವರ್ಣನೆಗಲ್ಲ. ಎರಡು ಗಿಡಗಳು ಒಂದೇ ಪ್ರಭೇದವೋ ಬೇರೆಯೋ ಎಂಬ ತಕರಾರು ಬಂದಾಗ ಕೊನೆಗೆ ಅದನ್ನೇ ತೆರೆದು ನೋಡಬೇಕು. 1958ರ ಜನವರಿ 1ರಿಂದ ಟೈಪ್ ಸೂಚಿಸದೆ ಪ್ರಕಟಿಸಿದ ಹೊಸ ಹೆಸರಿಗೆ ಮಾನ್ಯತೆಯಿಲ್ಲ. 1990ರಿಂದ ಅದು ಯಾವ ಹರ್ಬೇರಿಯಂನಲ್ಲಿದೆ ಎಂಬುದನ್ನೂ ಹೇಳಬೇಕು. ಅದಕ್ಕಾಗಿ ಪ್ರತಿ ಹರ್ಬೇರಿಯಂಗೂ ಒಂದು ಸಂಕೇತವಿದೆ: ಪ್ಯಾರಿಸ್‌ನ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೆ ‘ಪಿ’, ಲಂಡನ್‌ನ ಕ್ಯೂ ಸಸ್ಯೋದ್ಯಾನಕ್ಕೆ ‘ಕೆ’, ವಾಷಿಂಗ್ಟನ್‌ನ ರಾಷ್ಟ್ರೀಯ ಹರ್ಬೇರಿಯಂಗೆ ‘ಯುಎಸ್’, ಹೌರಾದ ಕೇಂದ್ರೀಯ ರಾಷ್ಟ್ರೀಯ ಹರ್ಬೇರಿಯಂಗೆ ‘ಸಿಎಎಲ್’.

ಸುಟ್ಟುಹೋದದ್ದಿದೆ. 1943ರ ಮಾರ್ಚ್ 1ರ ರಾತ್ರಿ ಬಾಂಬ್ ದಾಳಿಯಲ್ಲಿ ಬರ್ಲಿನ್-ಡಾಲೆಮ್‌ನ ಹರ್ಬೇರಿಯಂ ಹೊತ್ತಿಕೊಂಡಿತು, ಹಾಳೆಗಳ ಬಹುಪಾಲು ಬೂದಿಯಾಯಿತು. ಅದಕ್ಕೂ ಮುಂಚೆ, 1929ರಿಂದ, ಷಿಕಾಗೋದ ಫೀಲ್ಡ್ ಮ್ಯೂಸಿಯಂ ಕಳಿಸಿದ್ದ ಜೆ. ಫ್ರಾನ್ಸಿಸ್ ಮ್ಯಾಕ್‌ಬ್ರೈಡ್ ಅಲ್ಲಿಂದ ಶುರುಮಾಡಿ ಯುರೋಪಿನ ಹರ್ಬೇರಿಯಂಗಳಲ್ಲಿ ಟೈಪ್ ಮಾದರಿಗಳ ಫೋಟೊ ತೆಗೆದಿದ್ದರು, ಒಟ್ಟು ಸುಮಾರು 40,000. ಅಮೆರಿಕ ಖಂಡಗಳ ಗಿಡಗಳ ಬಗ್ಗೆ ಕೆಲಸ ಮಾಡುವವರಿಗೆ ಉಳಿಯದ ಎಷ್ಟೋ ಹಾಳೆಗಳ ಮುಖ ಕಾಣುವುದು ಆ ಕಪ್ಪು-ಬಿಳುಪು ಚಿತ್ರಗಳಲ್ಲೇ. ಆದರೆ ಫೋಟೊದಲ್ಲಿ ಹೂವನ್ನು ಬಿಚ್ಚಿ ಕೇಸರ ಎಣಿಸಲಾಗುವುದಿಲ್ಲ. ನಿಜವಾಗಿ ಕಾಪಾಡಿದ್ದು ಪ್ರತಿಗಳು: ಅದೇ ಸಂಖ್ಯೆಯ ಇನ್ನೊಂದು ಹಾಳೆ ಬೇರೆ ಊರಿನ ಹರ್ಬೇರಿಯಂನಲ್ಲಿದ್ದರೆ ಅದನ್ನೇ ಹೊಸ ಆಧಾರವಾಗಿ ಆರಿಸಬಹುದು. ನಾಲ್ಕೈದು ಪ್ರತಿ ತೆಗೆದು ಬೇರೆ ಬೇರೆ ಕಡೆ ಹಂಚಿ ಎಂದು ಪಟ್ಟುಹಿಡಿದು ಹೇಳುವುದು ಈ ಕಾರಣಕ್ಕೆ.

ಪ್ರಶ್ನೆ: ಈಗ ಎಲ್ಲ ಹಾಳೆಗಳ ಡಿಜಿಟಲ್ ಚಿತ್ರ ಸಿಗುವಾಗ ಹಳೆಯ ಗಿಡಗಳನ್ನು ಇಟ್ಟುಕೊಂಡೇನು ಪ್ರಯೋಜನ?

ಉತ್ತರ: ಚಿತ್ರಕ್ಕೆ ಮೇಲ್ಮೈ ಮಾತ್ರ ಸಿಗುತ್ತದೆ. ವುಡ್‌ವರ್ಡ್ ಎಂಬ ವಿಜ್ಞಾನಿ 1987ರಲ್ಲಿ ಎಂಟು ಜಾತಿಯ ಮರಗಳ ಹರ್ಬೇರಿಯಂ ಎಲೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, 200 ವರ್ಷಗಳಲ್ಲಿ ಪತ್ರರಂಧ್ರಗಳ, ಅಂದರೆ ಎಲೆ ಗಾಳಿಯನ್ನು ಒಳಗೆಳೆದುಕೊಳ್ಳುವ ಸೂಕ್ಷ್ಮ ತೂತುಗಳ, ಸಾಂದ್ರತೆ ಶೇಕಡ 40ರಷ್ಟು ಇಳಿದಿದೆ ಎಂದು ತೋರಿಸಿದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದಕ್ಕೆ ಎಲೆಗಳೇ ಕೊಟ್ಟ ಸಾಕ್ಷಿ ಅದು. 1845ರಿಂದ ಐರ್ಲೆಂಡಿನಲ್ಲಿ ಬರಗಾಲ ತಂದ ಆಲೂಗಡ್ಡೆ ಅಂಗಮಾರಿಯ ತಳಿ ಯಾವುದೆಂದು 2013ರಲ್ಲಿ ಗೊತ್ತಾದದ್ದು, ಆ ಕಾಲದಲ್ಲಿ ಒತ್ತಿಟ್ಟ ರೋಗದ ಎಲೆಗಳ ಡಿಎನ್‌ಎಯಿಂದ. ಆ ಎಲೆಗಳನ್ನು ಒತ್ತಿದವರಿಗೆ ಡಿಎನ್‌ಎ ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲ.

ಇನ್ನೊಂದು ಲೆಕ್ಕ. ಹೊಸ ಪ್ರಭೇದಗಳನ್ನು ಕಾಡಿನಲ್ಲಿ ಹುಡುಕುತ್ತಾರೆ ಎಂದುಕೊಂಡಿರುತ್ತೇವೆ. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗಿಡ ಕಿತ್ತು ಐದು ವರ್ಷದೊಳಗೆ ಹೆಸರು ಪಡೆದ ಹೊಸ ಪ್ರಭೇದಗಳು ಶೇಕಡ 16 ಮಾತ್ರ. ಕಾಲುಭಾಗದಷ್ಟಕ್ಕೆ ಹೆಸರು ಬಂದದ್ದು 50 ವರ್ಷಕ್ಕೂ ಹಳೆಯ ಹಾಳೆಗಳಿಂದ. ಅವು ಕಪಾಟಿನಲ್ಲೇ ಕಾದಿದ್ದವು.

ಪ್ರಶ್ನೆ: ಹಾಳೆಯ ಮೇಲಿನ ಹೆಸರು ತಪ್ಪೆಂದು ಖಾತ್ರಿಯಾದರೆ ಚೀಟಿಯನ್ನು ಬದಲಿಸಬಹುದೇ?

ಉತ್ತರ: ಎಂದಿಗೂ ಬೇಡ. ಹಳೆಯ ಚೀಟಿಯ ಮೇಲೆ ಗೀಟೂ ಎಳೆಯಬೇಡಿ. ಸರಿಯೆಂದು ಕಂಡ ಹೆಸರು, ನಿಮ್ಮ ಹೆಸರು, ವರ್ಷ ಬರೆದ ಸಣ್ಣ ಚೀಟಿಯನ್ನು ಮೂಲಚೀಟಿಯ ಮೇಲ್ಬದಿಗೆ ಅಂಟಿಸುತ್ತಾರೆ. ಒಂದು ಹಳೆಯ ಹಾಳೆಯಲ್ಲಿ ಕೆಳಗೆ ಬಲಮೂಲೆಯಲ್ಲಿ ಸಂಗ್ರಹಕಾರರ ಕೈಬರಹ, ಅದರ ಮೇಲೆ ಮೂರು ನಾಲ್ಕು ತಲೆಮಾರಿನ ಇಂಥ ಚೀಟಿಗಳು, ಪಕ್ಕದಲ್ಲಿ ಬಾರ್‌ಕೋಡ್, ಉದುರಿದ ಬೀಜ-ದಳಗಳ ಪುಟ್ಟ ಲಕೋಟೆ ಕಾಣುತ್ತವೆ. ಆ ಲಕೋಟೆಯನ್ನು ಕಸವೆಂದು ಎಸೆಯಬೇಡಿ. ಡಿಎನ್‌ಎಗೆ ಚೂರು ಬೇಕೆಂದಾಗ ಮೊದಲು ಕೈಹಾಕುವುದು ಅದಕ್ಕೇ, ಗಿಡ ಮುಟ್ಟುವುದು ಆಮೇಲೆ, ಅದೂ ಲಿಖಿತ ಅನುಮತಿಯ ಮೇಲೆ.

ಅಂಟಿಸಲು ಆಮ್ಲರಹಿತ ಹಾಳೆ, ನೀರಿನಲ್ಲಿ ಬಿಡಿಸಿಕೊಳ್ಳಬಲ್ಲ ಮೀಥೈಲ್ ಸೆಲ್ಯುಲೋಸ್ ಅಥವಾ ಪಿಷ್ಟದ ಅಂಟು, ದಪ್ಪ ಕಾಂಡಕ್ಕೆ ಹತ್ತಿದಾರದ ಹೊಲಿಗೆ. ಪ್ಲಾಸ್ಟಿಕ್ ಟೇಪು ಕೆಲವೇ ವರ್ಷಕ್ಕೆ ಹಳದಿಯಾಗಿ ತಾನು ಉದುರಿ, ಜಿಡ್ಡನ್ನು ಹಾಳೆಯಲ್ಲೇ ಬಿಡುತ್ತದೆ.

ಪ್ರಶ್ನೆ: ಸಂಶೋಧನೆಗೆ ಬೇರೆ ದೇಶದ ಹಾಳೆಗಳನ್ನು ತರಿಸಿಕೊಳ್ಳಬಹುದೇ?

ಉತ್ತರ: ವ್ಯಕ್ತಿಗೆ ಕೊಡುವುದಿಲ್ಲ, ಸಂಸ್ಥೆಯಿಂದ ಸಂಸ್ಥೆಗೆ ಕೊಡುತ್ತಾರೆ. ಮೊದಲು ಚಿತ್ರ ನೋಡಿ ಎಷ್ಟು ಕೆಲಸ ಮುಗಿಯುತ್ತದೋ ಮುಗಿಸಿಕೊಳ್ಳಿ, ಟೈಪ್ ಮಾದರಿಗಳಿಗಾದರೆ ನೀವೇ ಅಲ್ಲಿಗೆ ಹೋಗುವುದು ಲೇಸು. 2017ರಲ್ಲಿ ಪ್ಯಾರಿಸ್ ಸಂಗ್ರಹಾಲಯ ಆಸ್ಟ್ರೇಲಿಯಾಕ್ಕೆ ಎರವಲು ಕಳಿಸಿದ 105 ಹಳೆಯ ಮಾದರಿಗಳನ್ನು, ಕಾಗದಪತ್ರ ಸರಿಯಿಲ್ಲವೆಂದು ಅಲ್ಲಿನ ಜೈವಿಕ ಸುರಕ್ಷತಾ ಅಧಿಕಾರಿಗಳು ನಾಶಪಡಿಸಿದರು. ಟೈಪ್ ಮಾದರಿಗಳೂ ಅದರಲ್ಲಿದ್ದವು. ಆಮದು ಪರವಾನಗಿ, ‘ಒಣಗಿಸಿದ, ಮಾರಾಟಕ್ಕಲ್ಲದ ವೈಜ್ಞಾನಿಕ ಮಾದರಿ’ ಎಂಬ ಘೋಷಣೆ, ಹಾಳೆವಾರು ಪಟ್ಟಿ, ತಕರಾರು ಬಂದರೆ ಕರೆಯಬೇಕಾದವರ ವಿವರ ಇವು ಪೆಟ್ಟಿಗೆಯ ಒಳಗೂ ಹೊರಗೂ ಇರಬೇಕು. ಎಲ್ಲ ಸಿದ್ಧವಾಗುವವರೆಗೆ ಪೆಟ್ಟಿಗೆ ಹೊರಡಬಾರದು.

ಪ್ರಶ್ನೆ: ಮನೆಯಲ್ಲಿ ಹಿರಿಯರು ಒತ್ತಿಟ್ಟ ಗಿಡಗಳ ಹಳೆಯ ಕಟ್ಟೊಂದಿದೆ. ರಾಷ್ಟ್ರೀಯ ಹರ್ಬೇರಿಯಂ ತೆಗೆದುಕೊಳ್ಳುತ್ತದೆಯೇ?

ಉತ್ತರ: ಸ್ಥಳ, ದಿನಾಂಕ ಇದ್ದರೆ ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಕೊಡುವ ಮುಂಚೆ ಹೊಸ ಹಾಳೆಗೆ ಅಂಟಿಸುವುದು, ಸುತ್ತಿದ ಹಳೆಯ ದಿನಪತ್ರಿಕೆ ಎಸೆಯುವುದು, ಜೋಡಣೆಯ ಕ್ರಮ ಬದಲಿಸುವುದು ಯಾವುದನ್ನೂ ಮಾಡಬೇಡಿ. ಚೀಟಿ ಕಳೆದಿದ್ದರೂ ಆ ಪತ್ರಿಕೆಯ ದಿನಾಂಕದಿಂದ, ಅಕ್ಕಪಕ್ಕದ ಗಿಡಗಳಿಂದ ಕಾಲ-ಸ್ಥಳಗಳ ಸುಳಿವು ಸಿಗಬಹುದು. ಕಟ್ಟನ್ನು ಪಾಲಿಥಿನ್ ಚೀಲದಲ್ಲಿ ಮುಚ್ಚಿ ಒಣಜಾಗದಲ್ಲಿಡಿ. ಎಂಟು ಹತ್ತು ಹಾಳೆಗಳ ಫೋಟೊ ತೆಗೆದು, ಒಟ್ಟು ಎಷ್ಟಿವೆ, ಯಾವ ಪ್ರದೇಶದವು ಎಂದು ಕ್ಯುರೇಟರಿಗೆ ಬರೆಯಿರಿ. ಜೊತೆಗೆ ಹಿರಿಯರ ಟಿಪ್ಪಣಿ ಪುಸ್ತಕ ಇದೆಯೇ ಹುಡುಕಿ. ಹಾಳೆಯ ಮೇಲೆ ಬರೀ ಸಂಖ್ಯೆಯಿದ್ದು ವಿವರವೆಲ್ಲ ಪುಸ್ತಕದಲ್ಲಿರುವುದು ಹೆಚ್ಚು, ಹಾಗಿದ್ದರೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕಳಿಸಿ.